ಕಲ್ಯಾಣದ ಸಪಿಂಡ, ಮೆಂಡಲನ ಬಟಾಣಿ

ಉರ್ದುವಿನಲ್ಲಿ ಹಿರಿಯರಿಂದ ಬರುವ ಆಸ್ತಿಗೆ ವಿರಾಸತ್ ಎನ್ನುತ್ತೇವೆ. ತಂದೆತಾಯಿಯ ಗುಣ ಮಕ್ಕಳಿಗೆ ಇಳಿಯುವುದಕ್ಕೆ ಜೀವಶಾಸ್ತ್ರದ ಪಾಠದಲ್ಲಿ ತವಾರುಸ್ ಎಂಬ ಶಬ್ದವಿದೆ. ಎರಡರ ಮೂಲವೂ ಒಂದೇ ಅರಬಿ ಧಾತು. ನಮ್ಮ ಕನ್ನಡದ ‘ವಾರಸುದಾರ’ನೂ ಅದೇ ಮನೆಯವನು. ಆಸ್ತಿಯನ್ನೂ ಶರೀರವನ್ನೂ ಹೀಗೆ ಒಂದೇ ದಾರದಲ್ಲಿ ಪೋಣಿಸಿದ ಗ್ರಂಥವೊಂದು ಇಂದಿನ ಬಸವಕಲ್ಯಾಣದಲ್ಲಿ ಹುಟ್ಟಿತೆಂಬುದು ಅಲ್ಲಿನ ವಿಜ್ಞಾನ ವಿದ್ಯಾರ್ಥಿಗಳಿಗೆ ಬಹುಶಃ ಯಾರೂ ಹೇಳಿಲ್ಲ.

ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ. ‘ಸಪಿಂಡ’ರೆಂದರೆ ಯಾರು? ಶ್ರಾದ್ಧದ ಅನ್ನದ ಉಂಡೆಯಲ್ಲಿ ಪಾಲಿರುವವರು ಎಂಬ ಅರ್ಥವಿತ್ತು. ಬಂಗಾಳದ ಜೀಮೂತವಾಹನ ಅದನ್ನೇ ಹಿಡಿದ. ವಿಜ್ಞಾನೇಶ್ವರ ಒಪ್ಪಲಿಲ್ಲ. ಪಿಂಡವೆಂದರೆ ಶರೀರ, ಒಂದೇ ಶರೀರದ ಅಂಶಗಳು ಯಾರಲ್ಲಿ ಮುಂದುವರಿದಿವೆಯೋ ಅವರು ಸಪಿಂಡರು ಎಂದ. ಮೂಳೆ, ನರ, ಮಜ್ಜೆ ತಂದೆಯಿಂದ. ಚರ್ಮ, ಮಾಂಸ, ರಕ್ತ ತಾಯಿಯಿಂದ. ಹೀಗೆ ನೋಡುತ್ತ ಹೋದರೆ ಅನಾದಿಯಾದ ಈ ಸಂಸಾರದಲ್ಲಿ ಎಲ್ಲರೂ ಎಲ್ಲರಿಗೂ ನೆಂಟರಾಗಿಬಿಡುತ್ತಾರೆಂಬುದು ಅವನಿಗೆ ಹೊಳೆದಿತ್ತು. ಅದಕ್ಕೇ ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಮಾರಿಗೆ ಗೆರೆ ಎಳೆದ. ಏಳು ತಲೆಮಾರು ಮೇಲೆ ಹತ್ತಿದರೆ ಒಬ್ಬನಿಗೆ 128 ಪೂರ್ವಜರು. ಗೆರೆ ಎಳೆಯದೆ ಬೇರೆ ದಾರಿಯೇ ಇರಲಿಲ್ಲ.

ಇಂದಿನ ತಿಳಿವಳಿಕೆಯಲ್ಲಿ ಆ ಹಂಚಿಕೆ ನಿಲ್ಲುವುದಿಲ್ಲ. ಮೂಳೆ ಅಪ್ಪನದು, ರಕ್ತ ಅಮ್ಮನದು ಎಂಬ ಪಾಲುಪಟ್ಟಿ ಶರೀರಕ್ಕಿಲ್ಲ. ಪ್ರತಿ ಗುಣಕ್ಕೂ ವಂಶವಾಹಿಯ ಎರಡು ಪ್ರತಿಗಳು, ಒಂದು ತಂದೆಯದು, ಒಂದು ತಾಯಿಯದು. ಇದರ ಲೆಕ್ಕ ಸಿಕ್ಕಿದ್ದು ಬ್ರನೋ ನಗರದ ಮಠದಲ್ಲಿ ಬಟಾಣಿ ಬೆಳೆದ ಗ್ರೆಗೊರ್ ಮೆಂಡಲನಿಗೆ. ದುಂಡು ಕಾಳಿನ ಗಿಡಕ್ಕೆ ಸುಕ್ಕು ಕಾಳಿನ ಗಿಡ ಕೂಡಿಸಿದಾಗ ಮೊದಲ ಪೀಳಿಗೆಯಲ್ಲಿ ಎಲ್ಲವೂ ದುಂಡು. ಸುಕ್ಕು ಸತ್ತಿತೆಂದುಕೊಳ್ಳುವಷ್ಟರಲ್ಲಿ ಮುಂದಿನ ಪೀಳಿಗೆಯಲ್ಲಿ 5474 ದುಂಡು, 1850 ಸುಕ್ಕು. ಮೂರಕ್ಕೆ ಒಂದು. ಗುಣಗಳು ಹಾಲುನೀರಿನಂತೆ ಬೆರೆತುಹೋಗುವುದಿಲ್ಲ. ಪ್ರಬಲವಾದದ್ದರ ಹಿಂದೆ ಅಪ್ರಬಲವಾದದ್ದು ಅಡಗಿ ಕೂರುತ್ತದೆ. ಮೆಂಡಲ್ ಇದನ್ನು ಸಭೆಯ ಮುಂದೆ ಓದಿದ್ದು 1865ರಲ್ಲಿ. ಹಿಂದೂ ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಮಾಣಿಕಪ್ರಭುಗಳು ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ಸಮಾಧಿಯಾದದ್ದೂ ಅದೇ ವರ್ಷ. ಆದರೆ ಜಗತ್ತು ಮೆಂಡಲನ ಕಡೆ ಕಣ್ಣೆತ್ತಿ ನೋಡಿದ್ದು 1900ರಲ್ಲಿ.

‘ಖೂನ್ ಕಾ ರಿಶ್ತಾ’ ಎಂದು ನಾವು ಹೆಮ್ಮೆಪಡುವಲ್ಲೇ ಈ ಅಡಗಿದ್ದು ಕಾದಿರುತ್ತದೆ. ಬಸವಕಲ್ಯಾಣ, ಹುಮನಾಬಾದಿನ ಹಲವು ಹಿಂದೂ ಮನೆಗಳಲ್ಲಿ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತರುತ್ತಾರೆ. ಚಿಕ್ಕಪ್ಪನ ಮಗಳು ತಂಗಿಯಾಗುತ್ತಾಳೆ. ನಮ್ಮಲ್ಲಿ ಅಕ್ಕನ ಮಗಳು ಹರಾಮ್, ಚಿಕ್ಕಪ್ಪನ ಮಗಳು ಆಗಬಹುದು. ವಂಶವಾಹಿಗೆ ಈ ಭೇದ ಗೊತ್ತಿಲ್ಲ. ಅಜ್ಜನಲ್ಲಿ ಕಾಯಿಲೆಯ ಒಂದು ಅಡಗಿದ ಪ್ರತಿ ಇದೆಯೆನ್ನಿ. ಮಗನಿಗೆ ಅದು ಬರುವ ಸಂಭವ ಅರ್ಧ, ಮೊಮ್ಮಗಳಿಗೆ ಕಾಲು. ಮಗ ತನ್ನ ಅಕ್ಕನ ಮಗಳನ್ನು ಮದುವೆಯಾದರೆ, ಇಬ್ಬರೂ ಅದನ್ನು ಹೊತ್ತಿರುವ ಸಂಭವ ಎಂಟರಲ್ಲಿ ಒಂದು. ಇಬ್ಬರೂ ಹೊತ್ತಿದ್ದರೆ ಮಗುವಿಗೆ ಎರಡೂ ಪ್ರತಿ ಸಿಗುವುದು ನಾಲ್ಕರಲ್ಲಿ ಒಂದು ಬಾರಿ. ಒಟ್ಟು 32ರಲ್ಲಿ ಒಂದು. ಮಾವನ ಮಗಳಾಗಲಿ, ಚಿಕ್ಕಪ್ಪನ ಮಗಳಾಗಲಿ, 64ರಲ್ಲಿ ಒಂದು. ಅಜ್ಜಿಯ ಕಡೆಯದು ಬೇರೆ ಲೆಕ್ಕ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನ ಹೆರಿಗೆ ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಮೂರನೇ ಒಂದು ಭಾಗದಷ್ಟು ದಂಪತಿಗಳು ಇಂಥ ಸಂಬಂಧಿಗಳೇ ಆಗಿದ್ದರು. ಇವರ ಮಕ್ಕಳೆಲ್ಲ ರೋಗಿಗಳೆಂದು ಹೆದರಿಸುವುದು ಸುಳ್ಳು. ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಆದರೆ ಅಪಾಯ ಹೆಚ್ಚುತ್ತದೆಂಬುದೂ ಅಷ್ಟೇ ನಿಜ.

ಕಿವುಡು ಮಗು ಹುಟ್ಟಿದಾಗ ನಮ್ಮ ಮನೆಗಳಲ್ಲಿ ಬೆರಳು ತೋರುವುದು ಸೊಸೆಯ ಕಡೆಗೆ. ಅಪ್ರಬಲ ಕಾಯಿಲೆಗೆ ಎರಡು ಪ್ರತಿ ಬೇಕು, ಅದರಲ್ಲೊಂದು ಗಂಡನದೇ. ತಲಾಖಿನ ಮಾತೆತ್ತುವ ಅತ್ತೆಯ ಶರೀರದಿಂದಲೇ ಅದು ಬಂದಿರಲೂಬಹುದು. ಎಂಟುನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಇದೇ ಕಲ್ಯಾಣದಲ್ಲಿ ಚಮ್ಮಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ವಂಶದ ಶುದ್ಧಿ ಕೆಟ್ಟಿತೆಂದು ಬಿಜ್ಜಳನ ಆಳ್ವಿಕೆಯಲ್ಲಿ ಅವರಿಗೆ ಎಳೆಹೂಟೆ ಶಿಕ್ಷೆಯಾಯಿತೆಂದು ಶರಣ ಪರಂಪರೆ ಹೇಳುತ್ತದೆ. ದೂರದ ಎರಡು ಕುಲಗಳಲ್ಲಿ ಒಂದೇ ಕಾಯಿಲೆಯ ಪ್ರತಿ ಅಡಗಿರುವ ಸಂಭವ ಕಡಿಮೆ. ಶರೀರಶಾಸ್ತ್ರದ ಮಾತು ಕೇಳಿದರೆ ಆ ಊರಿನಲ್ಲಿ ಹೆಚ್ಚು ಸುರಕ್ಷಿತವಾಗಿದ್ದ ಮದುವೆಗಳಲ್ಲಿ ಅದೂ ಒಂದು.

1955ರ ಹಿಂದೂ ವಿವಾಹ ಕಾಯ್ದೆ ವಿಜ್ಞಾನೇಶ್ವರನ ಏಳು-ಐದನ್ನು ಐದು-ಮೂರಕ್ಕೆ ಇಳಿಸಿತು, ರೂಢಿ ಇದ್ದಲ್ಲಿ ಅದಕ್ಕೂ ವಿನಾಯಿತಿ ಕೊಟ್ಟಿತು. ಹಾಗಾಗಿ ಸಪಿಂಡವನ್ನು ಶರೀರದಿಂದ ಅಳೆದ ಕಲ್ಯಾಣದಲ್ಲೇ ಅಕ್ಕನ ಮಗಳ ಮದುವೆ ಇಂದಿಗೂ ರೂಢಿಯ ಬಲದ ಮೇಲೆ ನಡೆಯಬಲ್ಲದು. ತಲಸ್ಸೇಮಿಯಾದಂಥ ಕಾಯಿಲೆಯ ಅಡಗಿದ ಪ್ರತಿಯನ್ನು ಮದುವೆಗೆ ಮುಂಚೆಯೇ ಒಂದು ರಕ್ತಪರೀಕ್ಷೆಯಲ್ಲಿ ಪತ್ತೆ ಮಾಡಬಹುದು. ನಿಕಾಹಿನ ಮಾತುಕತೆಯಲ್ಲಿ ಮೆಹರಿನ ಮೊತ್ತ ಕೇಳುವ ಹಿರಿಯರು ಅದನ್ನೂ ಕೇಳಬಾರದೆಂದು ಯಾವ ಕಿತಾಬಿನಲ್ಲೂ ನಾವು ಓದಿಲ್ಲ.