ಧರ್ಮಪುರಿಯಲ್ಲಿದ್ದ ಮನ್ರೋ ಶಾಲೆ ಎಣಿಸಿದ ಕಥೆ

ನಮ್ಮ ಮಕ್ಕಳಿಗೆ ಮನ್ರೋ ಎಂದರೆ ರೈತವಾರಿ ಪದ್ಧತಿ, ಅಷ್ಟೇ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಮೇಷ್ಟ್ರುಗಳಾದ ನಮಗೆ ಆತನ ಇನ್ನೊಂದು ಕೆಲಸ ಹೆಚ್ಚು ಮುಖ್ಯ.

1792ರಲ್ಲಿ ಟಿಪ್ಪು ಬಾರಾಮಹಲನ್ನು ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಕಂದಾಯದ ಕೆಲಸಕ್ಕೆ ಬಂದು, 1799ರವರೆಗೆ ಈ ಸೀಮೆಯಲ್ಲೇ ಇದ್ದ. ಧರ್ಮಪುರಿಯಲ್ಲಿ ಅವನಿಗೆ ಮನೆ, ತೋಟ ಇದ್ದವು. ಮುಂದೆ ಮದ್ರಾಸಿನ ಗವರ್ನರ್ ಆಗಿ, 1822ರಲ್ಲಿ ಪ್ರತಿ ಜಿಲ್ಲೆಯ ಶಾಲೆಗಳನ್ನು ಎಣಿಸಿ ಕಳಿಸಿ ಎಂದು ಕಲೆಕ್ಟರುಗಳಿಗೆ ಬರೆಸಿದ. 1826ರ ಮಾರ್ಚಿಗೆ ಇಡೀ ಪ್ರಾಂತ್ಯದ ಲೆಕ್ಕ ಸಿಕ್ಕಿತು: 12,498 ಶಾಲೆಗಳು. ಸುಮಾರು ಸಾವಿರ ಜನಕ್ಕೊಂದು! ಆದರೆ ನಮ್ಮ ಸೇಲಂ ಜಿಲ್ಲೆಯಲ್ಲಿ ಹತ್ತು ಲಕ್ಷ ದಾಟಿದ ಜನರಲ್ಲಿ ಓದುತ್ತಿದ್ದವರು 4,650 ಮಾತ್ರ.

ಕಳಿಸಿದ ನಮೂನೆಯಲ್ಲಿ ಜಾತಿಗೆ ಕಾಲಂ ಇತ್ತು, ಭಾಷೆಗೆ ಇರಲಿಲ್ಲ. ಹೊಸೂರು ಕಡೆಯ ಕನ್ನಡದ ಮಕ್ಕಳು ಆ ಕಾಲಂಗಳಲ್ಲಿ ಹೇಗೆ ಕಾಣಬೇಕು ಹೇಳಿ?

ಬಳ್ಳಾರಿಯ ಕಲೆಕ್ಟರ್ ಕ್ಯಾಂಪ್‌ಬೆಲ್ 1823ರಲ್ಲಿ ಭಾಷೆಯನ್ನೂ ಬರೆದ. 533 ಶಾಲೆಗಳಲ್ಲಿ 235 ಕನ್ನಡದವು, 226 ತೆಲುಗಿನವು, ತಮಿಳಿನವು 4. ಮಕ್ಕಳು ಮರಳಿನ ಮೇಲೆ ಬೆರಳಿಂದ ಅಕ್ಷರ ತಿದ್ದುತ್ತಿದ್ದುದು, ಹಳೆಯ ಪದ್ಯಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಿದ್ದುದು (ಈ ರೋಗ ಇನ್ನೂ ಬಿಟ್ಟಿಲ್ಲ ಬಿಡಿ!) ಎಲ್ಲವನ್ನೂ ದಾಖಲಿಸಿದ. ಇಂಗ್ಲೆಂಡಿನ ಬಟ್ಟೆ ಬಂದು ಇಲ್ಲಿನ ನೇಕಾರರ ದುಡಿಮೆ ಕುಸಿದಿದೆ, ಬಡತನದಿಂದ ಶಾಲೆಗಳು ಮುಚ್ಚುತ್ತಿವೆ ಎಂದು ಕಂಪನಿಯ ನೌಕರನೇ ಬರೆದದ್ದು ನನಗೆ ಬಹಳ ದೊಡ್ಡದಾಗಿ ಕಂಡಿತು.

ಮನ್ರೋ ಹೊಸ ಶಾಲೆಗಳ ಯೋಜನೆ ಹಾಕಿದ. 1827ರ ಜುಲೈನಲ್ಲಿ ಪತ್ತಿಕೊಂಡದಲ್ಲಿ ಕಾಲರಾಕ್ಕೆ ತುತ್ತಾದ.