ಮಡಕೆಯನ್ನು ಕಂಡ ಕಣ್ಣು: ಜೋಮೋನ್ ಕಲೆ ಮತ್ತು ನರಸೀಪುರದ ತಲೆದಿಂಬು

ನಂಜನಗೂಡು, ತಗಡೂರು ಸೀಮೆಯವರಿಗೆ ತಿರುಮಕೂಡಲು ನರಸೀಪುರವೆಂದರೆ ಕಾವೇರಿ ಕಪಿಲೆಯರ ಸಂಗಮ, ಗುಂಜಾ ನರಸಿಂಹಸ್ವಾಮಿ, ಅಗಸ್ತ್ಯೇಶ್ವರ, ಮತ್ತು 1989ರಿಂದೀಚೆಗೆ ಮೂರು ವರ್ಷಕ್ಕೊಮ್ಮೆ ಸೇರುವ ಕುಂಭಮೇಳ. ಪ್ರಾಗಿತಿಹಾಸದ ವಿದ್ವಾಂಸರಿಗೆ ಮಾತ್ರ ಈ ಊರು ಬೇರೊಂದು ಕಾರಣಕ್ಕೆ ಪರಿಚಿತ. ಭಾರತೀಯ ಪ್ರಾಗಿತಿಹಾಸದ ಆದ್ಯರೆನಿಸಿದ ರಾಬರ್ಟ್ ಬ್ರೂಸ್ ಫೂಟ್ (1834–1912) ಸಂಗಮದ ದಡದಲ್ಲಿ ಸುಟ್ಟ ಮಣ್ಣಿನ ಒಂದು ವಿಚಿತ್ರ ವಸ್ತುವನ್ನು ಸಂಗ್ರಹಿಸಿದರು. ಕೆಳಗೆ ಕಾಲು, ಮೇಲೆ ಕುತ್ತಿಗೆ ಆನಿಸಲು ತಕ್ಕಂತೆ ತಗ್ಗಿದ ಮೈ. ಇದು ಮಲಗುವವನ ತಲೆದಿಂಬು ಎಂದು ಅವರು ಗುರುತಿಸಿದರು. ಈಜಿಪ್ಟಿನ ತಲೆದಿಂಬುಗಳ ನೆನಪೂ ಅವರಿಗಾಯಿತು. ಅವರ ಸಂಗ್ರಹವು ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿತು. ಅದರ ವಿವರಪಟ್ಟಿ 1914ರಲ್ಲಿ, ಅಂದರೆ ಅವರು ತೀರಿಕೊಂಡ ಮೇಲೆ, ಅಚ್ಚಾಯಿತು.

ಅನಂತರ ಎಂ. ಶೇಷಾದ್ರಿಯವರು 1959ರಿಂದ 1965ರ ನಡುವೆ ಮೂರು ಹಂಗಾಮುಗಳಲ್ಲಿ ಇಲ್ಲಿ ಉತ್ಖನನ ನಡೆಸಿ, 1971ರಲ್ಲಿ ವರದಿ ಹೊರತಂದರು. ಇದರ ನಡುವೆಯೇ, 1966ರ ಫೂಟ್ ಸ್ಮರಣ ಸಂಪುಟದಲ್ಲಿ ಎಫ್. ಆರ್. ಆಲ್ಚಿನ್ ಅವರು ನರಸೀಪುರ ಸಂಗಮದ ಈ ತಲೆದಿಂಬುಗಳನ್ನೇ ವಿಷಯವಾಗಿಟ್ಟುಕೊಂಡು ಲೇಖನ ಬರೆದರು. ಕ್ರಿಸ್ತಪೂರ್ವ ಎರಡನೆಯ ಸಹಸ್ರಮಾನದ, ದನಕಾಯುತ್ತ ಕಾಳು ಬೆಳೆಯುತ್ತಿದ್ದ ಜನರ ಕೈಕೆಲಸವಿದು. ಅವರ ಮಡಕೆಗಳು ಹೆಚ್ಚಾಗಿ ತಿಗರಿಯಿಲ್ಲದೆ ಕೈಯಲ್ಲೇ ರೂಪಿಸಿ, ಉಜ್ಜಿ ನುಣುಪುಗೊಳಿಸಿದ ಬೂದುಬಣ್ಣದವು. ಸುಟ್ಟ ಮೇಲೆ ಕಾವಿಯಿಂದ ಗೆರೆ ಎಳೆಯುವ ಪದ್ಧತಿಯೂ ದಕ್ಷಿಣದ ನವಶಿಲಾಯುಗದ ಕುಂಬಾರಿಕೆಯಲ್ಲಿ ಕಂಡುಬರುತ್ತದೆ.

ಹೀಗೆ ಈ ತಲೆದಿಂಬಿಗೆ ಮೂರು ಜನ ಘನ ವಿದ್ವಾಂಸರ ಕಣ್ಣು ಬಿದ್ದಿದೆ. ಒಬ್ಬ ಕಲಾವಿದನ ಕಣ್ಣು ಬಿದ್ದಿದ್ದರೆ ಏನಾಗುತ್ತಿತ್ತು? ಈ ಪ್ರಶ್ನೆ ಬರಿಯ ಕಲ್ಪನೆಯಲ್ಲ. ಜಪಾನಿನಲ್ಲಿ ಅಂಥದೊಂದು ಘಟನೆ ನಡೆದಿದೆ. ಅದರ ವಿವರಗಳನ್ನು ನೋಡಿದರೆ ನಮ್ಮ ಪರಿಸ್ಥಿತಿಯೂ ಸ್ಪಷ್ಟವಾದೀತು.

ಅಲ್ಲಿಯೂ ಮೊದಲು ಬಂದವನು ವಿಜ್ಞಾನಿಯೇ. 1877ರಲ್ಲಿ ಅಮೆರಿಕದ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಮೋರ್ಸ್ ಕಡಲಜೀವಿಗಳ ಅಧ್ಯಯನಕ್ಕೆಂದು ಜಪಾನಿಗೆ ಹೋದ. ಯೊಕೊಹಾಮಾದಿಂದ ಟೋಕಿಯೋಗೆ ಹೋಗುವ ರೈಲಿನ ಕಿಟಕಿಯಿಂದ, ಓಮೋರಿ ಎಂಬಲ್ಲಿ, ಹಳಿಗಾಗಿ ಕಡಿದ ದಿಬ್ಬದಲ್ಲಿ ಚಿಪ್ಪುಗಳ ಪದರ ಆತನಿಗೆ ಕಾಣಿಸಿತು. ಅಗೆದಾಗ ದೊರೆತ ಮಡಕೆಚೂರುಗಳ ಮೇಲೆ ಹುರಿಯ ಗುರುತುಗಳಿದ್ದವು. ನಾರಿನ ಹುರಿಯನ್ನು ಹಸಿಮಣ್ಣಿನ ಮೇಲೆ ಉರುಳಿಸಿ ಒತ್ತಿದ ಅಚ್ಚು ಅದು. ಮೋರ್ಸ್ 1879ರ ತನ್ನ ವರದಿಯಲ್ಲಿ ಬಳಸಿದ ವರ್ಣನೆಯೇ ಜಪಾನೀ ಭಾಷೆಗೆ ತಿರುಗಿ ‘ಜೋಮೋನ್’ ಎಂದಾಯಿತು. ‘ಹುರಿಯ ಗುರುತು’ ಎಂಬುದೇ ಅದರ ಅರ್ಥ. ಹತ್ತು ಸಾವಿರ ವರ್ಷಗಳಿಗೂ ಮೀರಿ ಬಾಳಿದ ಸಂಸ್ಕೃತಿಯೊಂದು ಹಗ್ಗದ ತುಂಡಿನಿಂದ ಹೆಸರು ಪಡೆದದ್ದು ಸ್ವಾರಸ್ಯಕರ.

ಜೋಮೋನ್ ಮಡಕೆಗಳು ಜಗತ್ತಿನ ಅತ್ಯಂತ ಹಳೆಯ ಮಡಕೆಗಳ ಸಾಲಿಗೆ ಸೇರುತ್ತವೆ. ಉತ್ತರ ಜಪಾನಿನ ಓದೈ ಯಮಮೋತೊ ನೆಲೆಯ ಚೂರುಗಳಿಗೆ ಸುಮಾರು 16,000 ವರ್ಷಗಳ ಪ್ರಾಚೀನತೆಯನ್ನು ಹೇಳುತ್ತಾರೆ. ಮಡಕೆ ಬೇಸಾಯದ ಬೆನ್ನಿಗೆ ಹುಟ್ಟಿತೆಂಬ ನಮ್ಮ ಪಠ್ಯಪುಸ್ತಕದ ತಿಳಿವಳಿಕೆಯನ್ನು ಈ ಜನ ಬುಡಮೇಲು ಮಾಡುತ್ತಾರೆ. ಬೇಟೆ, ಮೀನು, ಕಾಡಿನ ಕಾಯಿಬೀಜಗಳನ್ನು ನೆಚ್ಚಿ, ಆದರೆ ಒಂದೇ ಕಡೆ ಊರು ಕಟ್ಟಿ ನೆಲೆಸಿದವರು ಅವರು. ಕ್ರಿಸ್ತಪೂರ್ವ ಮೊದಲ ಸಹಸ್ರಮಾನದಲ್ಲಿ ಭತ್ತದ ಗದ್ದೆಗಳೊಂದಿಗೆ ಯಾಯೋಯಿ ಸಂಸ್ಕೃತಿ ಬರುವವರೆಗೆ ಇದೇ ಬಾಳು. ತಿಗರಿ ಇರಲಿಲ್ಲ, ಆವಿಗೆ ಇರಲಿಲ್ಲ; ಮಣ್ಣಿನ ಸುರುಳಿಗಳನ್ನು ಒಂದರ ಮೇಲೊಂದಿಟ್ಟು ಗೋಡೆ ಎಬ್ಬಿಸಿ, ಬಯಲಿನ ಬೆಂಕಿಯಲ್ಲಿ ಸುಡುತ್ತಿದ್ದರು. ಸುಮಾರು ಐದು ಸಾವಿರ ವರ್ಷಗಳ ಹಿಂದೆ, ಈಗಿನ ನೀಗಾತಾ ಪ್ರಾಂತದಲ್ಲಿ, ಈ ಕೈಗಳು ‘ಜ್ವಾಲೆಯ ಮಡಕೆ’ಗಳನ್ನು ಮಾಡಿದವು. ಬಾಯಂಚಿನಿಂದ ನಾಲ್ಕು ದಿಕ್ಕಿಗೆ ಎದ್ದ ಕೊಂಬುಗಳು, ಸುಳಿಸುಳಿಯಾಗಿ ಹೊರಳುವ ಏಣುಗಳು, ಎಲ್ಲಿಯೂ ಬರಿದು ಬಿಡದ ಮೈ. ಇಷ್ಟಾಗಿಯೂ ಅವುಗಳ ಒಳಗೆ ಅಡುಗೆಯ ಕರಿ ಹತ್ತಿಕೊಂಡಿದೆ. ಆ ಜನ ಬೇಯಿಸಿ ತಿಂದದ್ದು ಇಂಥ ಪಾತ್ರೆಗಳಲ್ಲಿಯೇ!

ಇಷ್ಟೆಲ್ಲ ಇದ್ದರೂ ಈ ಮಡಕೆಗಳು 1950ರವರೆಗೆ ಜಪಾನೀಯರಿಗೆ ಕಲೆಯಾಗಿರಲಿಲ್ಲ. ಪುರಾತತ್ವದ ಸಾಮಗ್ರಿಯಾಗಿದ್ದವು. ಜಪಾನೀ ಸೌಂದರ್ಯವೆಂದರೆ ಮಿತ, ಮೌನ, ಚಹಾಗೃಹದ ಸರಳತೆ ಎಂದು ಬಲವಾಗಿ ನಂಬಿದ್ದ ಕಲಾ ಇತಿಹಾಸದಲ್ಲಿ ಈ ಅಬ್ಬರಕ್ಕೆ ಸ್ಥಳವಿರಲಿಲ್ಲ.

1951ರಲ್ಲಿ ಓಕಾಮೋತೊ ತಾರೋ (1911–1996) ಟೋಕಿಯೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇವನ್ನು ಕಂಡ. ಕವಯಿತ್ರಿಯೂ ಕಾದಂಬರಿಗಾರ್ತಿಯೂ ಆದ ಓಕಾಮೋತೊ ಕಾನೊಕೊ ಅವರ ಮಗನೀತ. ಹದಿನೆಂಟರ ಹರೆಯದಲ್ಲಿ ಪ್ಯಾರಿಸ್ಸಿಗೆ ಹೋಗಿ ಹತ್ತು ವರ್ಷ ಅಲ್ಲಿದ್ದವನು. ಅಮೂರ್ತ ಚಿತ್ರಕಾರರ ಗುಂಪಿನಲ್ಲಿದ್ದು, ಅತಿವಾಸ್ತವವಾದಿಗಳೊಡನೆ ಓಡಾಡಿ, ಮಾರ್ಸೆಲ್ ಮೋಸ್ ಎಂಬ ಮಹಾ ಮಾನವಶಾಸ್ತ್ರಜ್ಞನ ಪಾಠ ಕೇಳಿದವನು. 1940ರಲ್ಲಿ ಹಿಂದಿರುಗಿ, ಸೈನ್ಯಕ್ಕೆ ಸೇರಿಸಲ್ಪಟ್ಟು ಚೀನಾದಲ್ಲಿ ಯುದ್ಧದ ವರ್ಷಗಳನ್ನು ಕಳೆದ. ಸೋತ ದೇಶದಲ್ಲಿ, ಚಕ್ರವರ್ತಿಗಳ ಪುರಾಣವಂಶಾವಳಿಯನ್ನೇ ಇತಿಹಾಸವೆಂದು ಕಲಿಸುತ್ತಿದ್ದ ಪಠ್ಯಗಳು ಮಾಯವಾಗಿ ಶಿಲಾಯುಗದಿಂದ ಆರಂಭಿಸುವ ಪಠ್ಯಗಳು ಬಂದಿದ್ದ ಕಾಲವದು. 1952ರ ಫೆಬ್ರವರಿಯಲ್ಲಿ ‘ಮಿಜುಎ’ ಎಂಬ ಕಲಾಪತ್ರಿಕೆಯಲ್ಲಿ ಆತ ಜೋಮೋನ್ ಮಡಕೆಗಳ ಕುರಿತು ಪ್ರಬಂಧ ಪ್ರಕಟಿಸಿದ.

ಅದರ ವಾದ ಸ್ಥೂಲವಾಗಿ ಹೀಗಿದೆ. ಗದ್ದೆಯ ರೈತನ ಬಾಳಿಗೆ ಒಂದು ಅಳತೆಯಿದೆ, ಕಟ್ಟುಪಾಡಿದೆ. ಅವನ ಮಡಕೆಯಲ್ಲಿ ಸಮತೋಲ ಬರುತ್ತದೆ. ಬೇಟೆಗಾರ ನಾಳೆಯನ್ನು ನಂಬಲಾರ. ಬೇಟೆಯ ಪ್ರಾಣಿ ಯಾವ ಕಡೆಯಿಂದ ಎರಗೀತೋ ಎಂದು ಸುತ್ತಣ ಅವಕಾಶವನ್ನೆಲ್ಲ ಮೈಯಿಂದಲೇ ಅರಿಯಬೇಕಾದ ಅವನ ಕೈಯಲ್ಲಿ ಹುಟ್ಟಿದ ಮಡಕೆಗೆ ಸಮಪಾರ್ಶ್ವತೆಯ ಹಂಗಿಲ್ಲ. ಒಳಗೂ ಹೊರಗೂ ಸುತ್ತುವ ಆ ರೇಖೆಗಳು ಆಧುನಿಕ ಶಿಲ್ಪಿಗಳು ಹುಡುಕುತ್ತಿದ್ದ ಅವಕಾಶಪ್ರಜ್ಞೆಯನ್ನು ಆಗಲೇ ಸಾಧಿಸಿದ್ದವು. ಇವುಗಳಾಚೆ ಕಣ್ಣಿಗೆ ಕಾಣದ ಮಾಂತ್ರಿಕ ಲೋಕವೊಂದಿದೆ. ಅದನ್ನೇ ಆತ ನಾಲ್ಕನೆಯ ಆಯಾಮವೆಂದ.

ಇಲ್ಲಿ ಒಂದು ಸೂಕ್ಷ್ಮವಿದೆ. ಪಿಕಾಸೋ 1907ರ ಸುಮಾರಿಗೆ ಆಫ್ರಿಕಾದ ಮುಖವಾಡಗಳಲ್ಲಿ ಹೊಸ ರೂಪವನ್ನು ಕಂಡದ್ದು ಪ್ಯಾರಿಸ್ಸಿನ ಮ್ಯೂಸಿಯಮ್ಮಿನಲ್ಲಿ. ಅಂದರೆ ಇನ್ನೊಬ್ಬರ ಪೂರ್ವಿಕರ ವಸ್ತುವಿನಲ್ಲಿ. ಓಕಾಮೋತೊ ಅದೇ ಪ್ಯಾರಿಸ್ಸಿನಲ್ಲಿ ಕಲಿತ ಕಣ್ಣನ್ನು ತನ್ನ ಮನೆಯ ಹಿತ್ತಿಲಿಗೆ ತಿರುಗಿಸಿದ. ಪರದೇಶಕ್ಕೆ ಹೋಗದಿದ್ದರೆ ಆತನಿಗೆ ಜೋಮೋನ್ ಕಾಣುತ್ತಿತ್ತೆಂದು ನನಗನ್ನಿಸುವುದಿಲ್ಲ. ದೇಸಿಯನ್ನು ಕಾಣಲು ಮಾರ್ಗವನ್ನು ಸುತ್ತಿಬರಬೇಕಾಗುವುದು ಕನ್ನಡ ಸಾಹಿತ್ಯವನ್ನು ಓದಿದವರಿಗೆ ಹೊಸ ಸಂಗತಿಯೇನಲ್ಲ.

ಪ್ರಬಂಧದ ಪರಿಣಾಮ ಚಿತ್ರಕಲೆಯಲ್ಲಿ ನಿಲ್ಲಲಿಲ್ಲ. ಐವತ್ತರ ದಶಕದ ನಡುವಿನಲ್ಲಿ ಜಪಾನಿನ ವಾಸ್ತುಶಿಲ್ಪಿಗಳು ತಮ್ಮ ಪರಂಪರೆ ಯಾಯೋಯಿಯ ನಯವೋ ಜೋಮೋನಿನ ಕಸುವೋ ಎಂದು ಪತ್ರಿಕೆಗಳಲ್ಲಿ ವಾದಿಸಿದರು. ಆ ವಾದದ ನಡುವಿನಲ್ಲಿದ್ದ ತಾಂಗೆ ಕೆಂಜೊ, 1970ರ ಒಸಾಕಾ ವಿಶ್ವಮೇಳಕ್ಕೆ ಉಕ್ಕಿನ ಬೃಹತ್ ಚಾವಣಿಯೊಂದನ್ನು ಕಟ್ಟಿದ. ಓಕಾಮೋತೊ ಅದೇ ಚಾವಣಿಯನ್ನು ಸೀಳಿಕೊಂಡು ಮೇಲೇಳುವಂತೆ ಸುಮಾರು 70 ಮೀಟರ್ ಎತ್ತರದ ‘ಸೂರ್ಯಗೋಪುರ’ವನ್ನು ನಿಲ್ಲಿಸಿದ. ಪ್ರಗತಿಯನ್ನು ಕೊಂಡಾಡಲು ಸೇರಿದ ಮೇಳದ ನಟ್ಟನಡುವೆ, ತೋಳು ಚಾಚಿ ನಿಂತ ಪ್ರಾಗಿತಿಹಾಸದ ಮಣ್ಣಿನ ಗೊಂಬೆಯೊಂದು ದೈತ್ಯಾಕಾರ ತಾಳಿದಂತಿತ್ತು ಅದು. ಮೇಳ ಮುಗಿದು ಚಾವಣಿ ಹೋಯಿತು. ಗೋಪುರ ಈಗಲೂ ಇದೆ.

ಓಕಾಮೋತೊ ಕಂಡದ್ದೆಲ್ಲ ನಿಜವೇ? ಪುರಾತತ್ವಜ್ಞರು ಇಂದು ಒಪ್ಪುವುದು ಕಷ್ಟ. ಅಲೆಮಾರಿ ಬೇಟೆಗಾರನ ತಲ್ಲಣವೆಂದು ಆತ ಓದಿದ ರೂಪಗಳನ್ನು ಮಾಡಿದವರು ನೆಲೆನಿಂತವರು. ಸನ್ನಾಯ್ ಮಾರುಯಾಮದಂಥ ಊರಿನಲ್ಲಿ ಅವರು ಚೆಸ್ಟ್‌ನಟ್ ಮರಗಳನ್ನು ಜೋಪಾನಮಾಡಿ ಬೆಳೆಸುತ್ತಿದ್ದರು. ಅದಕ್ಕಿಂತ ಗಂಭೀರವಾದ ಆಕ್ಷೇಪವೆಂದರೆ, ಜೋಮೋನನ್ನು ‘ಅಪ್ಪಟ ಜಪಾನ್’ ಎಂದು ಕರೆಯುವ ಉತ್ಸಾಹದಲ್ಲಿ ಐನು ಮೊದಲಾದ ಜನರ ಪ್ರತ್ಯೇಕ ಚರಿತ್ರೆ ಮರೆಯಾಗುವ ಅಪಾಯ. ಮೂಲವನ್ನು ಹುಡುಕುವವರಿಗೆಲ್ಲ ಈ ಅಪಾಯವುಂಟು, ನಮಗೂ ಕೂಡ. ಆದರೂ 2021ರಲ್ಲಿ ಉತ್ತರ ಜಪಾನಿನ 17 ಜೋಮೋನ್ ನೆಲೆಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಹೊತ್ತಿಗೆ ಆ ಹೆಸರು ಜಪಾನಿನ ಶಾಲಾಮಕ್ಕಳಿಗೂ ಪರಿಚಿತವಾಗಿತ್ತೆಂದರೆ, ಅದರಲ್ಲಿ ಅಗೆದವರಷ್ಟೇ ಪಾಲು ಆ ಚಿತ್ರಕಾರನ ತಪ್ಪೊಪ್ಪುಗಳ ಓದಿಗೂ ಇದೆ.

ಈಗ ನಮ್ಮ ಕಡೆಗೆ ಬರೋಣ. ಕನ್ನಡನಾಡಿನಲ್ಲಿ ಅಗೆದವರಿಗೆ ಕೊರತೆಯಿರಲಿಲ್ಲ. ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ. ಎಚ್. ಕೃಷ್ಣ ಅವರೇ ಚಂದ್ರವಳ್ಳಿ, ಬ್ರಹ್ಮಗಿರಿಗಳನ್ನು ಅಗೆದವರು. ಸಾಹಿತ್ಯದ ವಿದ್ಯಾರ್ಥಿಗಳು ಅವರನ್ನು ಶಾಸನದ ಮೂಲಕ ಮಾತ್ರ ಬಲ್ಲರು. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ದಕ್ಷಿಣದ ಪ್ರಾಗಿತಿಹಾಸಕ್ಕೆ ಕಾಲಾನುಕ್ರಮವನ್ನು ನಿಲ್ಲಿಸಿದರು. ಬಳ್ಳಾರಿಯ ಬಳಿ ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳ ಬಂಡೆಗಳಲ್ಲಿ ಕುಟ್ಟಿ ಮೂಡಿಸಿದ ಗೂಳಿಗಳ ಚಿತ್ರಗಳು 1892ರಷ್ಟು ಹಿಂದೆಯೇ ವಿದ್ವತ್ಪತ್ರಿಕೆಯಲ್ಲಿ ವರದಿಯಾಗಿದ್ದವು.

ನಮ್ಮ ಚಿತ್ರಕಾರರೋ ಬೇರೆ ದಾರಿ ಹಿಡಿದರು. ಅವನೀಂದ್ರನಾಥರ ಶಿಷ್ಯ ಕೆ. ವೆಂಕಟಪ್ಪ ಮೈಸೂರಿಗೆ ತಂದದ್ದು ಬಂಗಾಳ ಪಂಥದ ಹದವನ್ನು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರರ ಜನನ 1911, ಮರಣ 1996. ಓಕಾಮೋತೊನ ವರ್ಷಗಳೂ ಅವೇ! ಹೆಬ್ಬಾರರೂ ಪ್ಯಾರಿಸ್ಸಿಗೆ ಹೋದರು. ನಲವತ್ತರ ದಶಕದ ಕೊನೆಯಲ್ಲಿ ಅಕಾದೆಮಿ ಜೂಲಿಯನ್ನಿನಲ್ಲಿ ಕಲಿತರು. ಹಿಂದಿರುಗಿ ಅವರೂ ನೆಲದ ಕಸುವನ್ನು ಹುಡುಕಿದರು. ಆದರೆ ಅವರಿಗೆ ಅದು ದೊರೆತದ್ದು ಯಕ್ಷಗಾನದ ಕುಣಿತದಲ್ಲಿ, ಜಾತ್ರೆಯಲ್ಲಿ, ದುಡಿವ ಜನರ ಮೈಯ ಲಯದಲ್ಲಿ. ಅವರ ರೇಖೆಗೆ ಹಾಡುವ ಗುಣ ಬಂದದ್ದು ಅಲ್ಲಿಂದ. ಇದನ್ನು ಕೊರತೆಯೆಂದು ನಾನು ಹೇಳಲಾರೆ. ಜಪಾನಿನ ಕಲಾವಿದ ಪ್ರಾಚೀನವನ್ನು ಮ್ಯೂಸಿಯಮ್ಮಿನ ಗಾಜಿನಾಚೆ ಹುಡುಕಬೇಕಾಯಿತು. ಕರಾವಳಿಯ ಕಲಾವಿದನಿಗೆ ಅದು ಊರ ಬಯಲಿನಲ್ಲಿ ಗೆಜ್ಜೆ ಕಟ್ಟಿಕೊಂಡು ಕುಣಿಯುತ್ತಿತ್ತು. ಇನ್ನೂ ಬದುಕಿರುವ ಪ್ರಾಚೀನದ ಎದುರಿಗೆ ನೆಲದೊಳಗಿನ ಚೂರುಗಳು ಮಂಕಾಗಿ ಕಂಡಿದ್ದರೆ ಅಚ್ಚರಿಯಿಲ್ಲ.

ಹಾಗಾದರೆ ಕನ್ನಡದಲ್ಲಿ ಪ್ರಾಗಿತಿಹಾಸವನ್ನು ಕಂಡ ಆಧುನಿಕ ಕಣ್ಣು ಯಾವುದು? ನನ್ನ ಉತ್ತರ: ಮೂಕಜ್ಜಿಯದು. ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ 1968ರಲ್ಲಿ ಪ್ರಕಟವಾಯಿತು, 1977ರಲ್ಲಿ ಜ್ಞಾನಪೀಠ ಪಡೆಯಿತು. ಮೊಮ್ಮಗ ಸುಬ್ಬರಾಯ ಗುಡ್ಡದ ಗವಿಯಿಂದ ತಂದ ಪ್ರಾಚೀನ ತುಣುಕುಗಳನ್ನು ಅಜ್ಜಿ ಕೈಯಲ್ಲಿ ಹಿಡಿಯುತ್ತಾಳೆ. ಅವನ್ನು ಬಳಸಿದ ಜನರ ಬದುಕು ಅವಳ ಒಳಗಣ್ಣಿಗೆ ಬರುತ್ತದೆ. ಈ ಕಾದಂಬರಿಯನ್ನು ನಾವು ತರಗತಿಗಳಲ್ಲಿ ದೇವರ ಕಲ್ಪನೆ, ಕಾಮ, ದಾಂಪತ್ಯ ಎಂಬ ಶೀರ್ಷಿಕೆಗಳಡಿಯಲ್ಲಿ ಪಾಠಮಾಡಿ ಮುಗಿಸುತ್ತೇವೆ. ದಕ್ಷಿಣ ಭಾರತದ ಪುರಾತತ್ವವು ತನ್ನ ಮುಖ್ಯ ಶೋಧಗಳನ್ನು ನಡೆಸಿದ ಎರಡು ದಶಕಗಳ ಬೆನ್ನಿಗೇ ಅದು ಬಂದಿತೆಂಬುದನ್ನು ಯಾರೂ ವಿದ್ಯಾರ್ಥಿಗಳಿಗೆ ಹೇಳುವುದಿಲ್ಲ. ಓಕಾಮೋತೊ ಮಡಕೆಯ ರೂಪವನ್ನು ಕಂಡ. ಮೂಕಜ್ಜಿ ರೂಪವನ್ನು ಗಮನಿಸುವುದೇ ಇಲ್ಲ, ಹಿಡಿದ ಕೈಗಳನ್ನು ಕಾಣುತ್ತಾಳೆ. ಆತನ ನಾಲ್ಕನೆಯ ಆಯಾಮಕ್ಕೂ ಈಕೆಯ ಕನಸಿಗೂ ಹತ್ತಿರದ ನಂಟಿದೆ. ಜ್ಞಾನದ ಸಾಧನವಾಗಿ ವಿಜ್ಞಾನ ಒಪ್ಪದ ಒಂದು ಬಗೆಯ ಗ್ರಹಿಕೆಯನ್ನು ಇಬ್ಬರೂ ನೆಚ್ಚುತ್ತಾರೆ, ಇಬ್ಬರೂ ಅದರಿಂದ ಪ್ರಾಗಿತಿಹಾಸದ ಮನುಷ್ಯನನ್ನು ‘ಅನಾಗರಿಕ’ ಎಂಬ ಪಟ್ಟದಿಂದ ಬಿಡಿಸುತ್ತಾರೆ. ಕಾರಂತರು ಚಿತ್ರಕಲೆ, ಶಿಲ್ಪಗಳ ಬಗ್ಗೆಯೂ ವಿಸ್ತಾರವಾಗಿ ಬರೆದವರೆಂಬುದನ್ನು ನೆನೆದರೆ ಈ ಹೋಲಿಕೆ ತೀರ ದೂರದ್ದೆನಿಸದು.

ಕಣ್ಣು ಬೀಳದ ವಸ್ತುವಿಗೆ ಕಾವಲೂ ಇರುವುದಿಲ್ಲ. ಕಪ್ಪಗಲ್ಲಿನ ಚಿತ್ರಗಳಿರುವ ಬೆಟ್ಟಕ್ಕೆ ಕಲ್ಲುಗಣಿಗಾರಿಕೆಯಿಂದ ಒದಗಿರುವ ಅಪಾಯವನ್ನು 2004ರಲ್ಲಿ ಪುರಾತತ್ವಜ್ಞೆ ನಿಕೋಲ್ ಬ್ವಾವಾಂ ಬರೆದು ಎಚ್ಚರಿಸಬೇಕಾಯಿತು. ಅಲ್ಲಿನ ಕೆಲವು ಬಂಡೆಗಳು ಬಡಿದರೆ ಗಂಟೆಯಂತೆ ನಾದ ಕೊಡುತ್ತವೆಂದು ಲೋಕಕ್ಕೆ ತಿಳಿಸಿದವರೂ ಅವರೇ. ನರಸೀಪುರ ತಾಲ್ಲೂಕಿನಲ್ಲಿಯೇ ಇರುವ ಸೋಮನಾಥಪುರದ ಕೇಶವಾಲಯ 2023ರಲ್ಲಿ ಬೇಲೂರು ಹಳೇಬೀಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದು ಯೋಗ್ಯವಾದ ಗೌರವವೇ. ಅಲ್ಲಿಗೆ ಬಂದವರಿಗೆ ಅದೇ ತಾಲ್ಲೂಕಿನ ನದಿದಡದಲ್ಲಿ ಹೊಯ್ಸಳರಿಗಿಂತ ಮೂರು ಸಾವಿರ ವರ್ಷ ಹಿಂದಿನ ಮಣ್ಣಿನ ಕೆಲಸ ದೊರೆತಿದೆಯೆಂದು ಹೇಳುವವರು ಬೇಕು.

ಈ ತಲೆದಿಂಬುಗಳನ್ನು ರೂಪದ ದೃಷ್ಟಿಯಿಂದ ನೋಡುವ ಕೆಲಸಕ್ಕೆ ಬೇಕಾದ ಸಾಮಗ್ರಿ ಸಿದ್ಧವಾಗಿದೆ. ಫೂಟರ ವಿವರಪಟ್ಟಿ, ಆಲ್ಚಿನ್ನರ ಲೇಖನ, ಶೇಷಾದ್ರಿಯವರ ವರದಿ. ಈ ಮೂರನ್ನೂ ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಪಕ್ಕದಲ್ಲಿಟ್ಟು ಓದಿದರೆ ಒಂದು ಸಂಶೋಧನ ಪ್ರಬಂಧಕ್ಕೆ ಧಾರಾಳವಾಗಿ ಸಾಕು. ಕನ್ನಡ ವಿಭಾಗದ ವಿದ್ಯಾರ್ಥಿಯೊಬ್ಬ ಅದನ್ನು ಕೈಗೆತ್ತಿಕೊಂಡು, ಬಿಡುವಾದಾಗ ಚೆನ್ನೈನ ಎಗ್ಮೋರಿನಲ್ಲಿರುವ ಆ ಮ್ಯೂಸಿಯಮ್ಮಿಗೂ ಒಮ್ಮೆ ಹೋಗಿಬರುವುದೊಳ್ಳೆಯದು.