ಗಾಡಿ ಜಾಡು, ರೈಲು ಹಳಿ

ತುಮಕೂರಿಗೂ ಗುಬ್ಬಿಗೂ ರೈಲು ಬಂದದ್ದು 1884ರಲ್ಲಿ. ಬೆಳ್ಳಾವಿಗೆ ಬರಲಿಲ್ಲ. ಆದರೂ ನಮ್ಮ ಸೀಮೆಯ ಸರಕಿನ ದಾರಿ ಅಂದೇ ತಿರುಗಿತು. ಅದರ ಹಿಂದೆ ಒಂದು ದೊಡ್ಡ ಸಂಕಟವಿದೆ.

ಅದು 1876ರಿಂದ 78ರವರೆಗಿನ ಧಾತು ಈಶ್ವರ ಬರ. ಮದ್ರಾಸಿನ ಕಡೆಯಿಂದ ಬೆಂಗಳೂರು ದಂಡಿನವರೆಗೆ 1864ರಲ್ಲೇ ರೈಲು ಬಂದಿತ್ತು. ಬರಗಾಲದಲ್ಲಿ ಹೊರಗಿನ ಧಾನ್ಯ ಅದರಲ್ಲಿ ಬರುತ್ತಿತ್ತು. ಅಲ್ಲಿಂದ ಮುಂದೆ ಎತ್ತಿನ ಗಾಡಿಯೇ ಗತಿ. ಮೇವು, ನೀರು ಇಲ್ಲದೆ ಎತ್ತುಗಳೂ ಸಾಯುತ್ತಿದ್ದವು. ಬೆಂಗಳೂರಿನಲ್ಲಿ ಅಕ್ಕಿ ಇದ್ದರೇನು, ಹಳ್ಳಿಗೆ ಮುಟ್ಟಿಸುವವರು ಯಾರು? ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನ, ಅಂದರೆ ಐದರಲ್ಲಿ ಒಬ್ಬರು, ತೀರಿಕೊಂಡರೆಂಬ ಲೆಕ್ಕವಿದೆ. ನೆಟ್‌ವರ್ಕ್‌ನಲ್ಲಿ ಒಂದು ದಾರಿ ಕಡಿದರೆ ಮಾಹಿತಿ ಇನ್ನೊಂದು ದಾರಿ ಹಿಡಿಯುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಅಂದು ಇನ್ನೊಂದು ದಾರಿಯೇ ಇರಲಿಲ್ಲ.

1881ರಲ್ಲಿ ರಾಜ್ಯ ಮರಳಿ ಒಡೆಯರ ಕೈಗೆ ಬಂದಾಗ ದಿವಾನ್ ರಂಗಾಚಾರ್ಲು ರೈಲಿಗೆ ಒತ್ತು ಕೊಟ್ಟರು. 1883ರ ಜನವರಿಯಲ್ಲಿ ಅವರು ತೀರಿಕೊಂಡರು. ಗುಬ್ಬಿಯವರೆಗಿನ ಮೀಟರ್ ಗೇಜ್ ಹಳಿ ಮುಗಿದದ್ದು ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ. ಹಳಿ ಹರಿಹರ ಮುಟ್ಟಿದ್ದು 1889ರಲ್ಲಿ. ಅದಕ್ಕೆ ಮೊದಲು ಕೆಲ ಕಾಲ ಗುಬ್ಬಿಯೇ ಕೊನೆಯ ನಿಲ್ದಾಣ. ಗುಬ್ಬಿ ಮೊದಲಿನಿಂದಲೂ ವ್ಯಾಪಾರದ ಊರೇ. 1800ರಲ್ಲಿ ಈ ಕಡೆ ಸುತ್ತಾಡಿದ ಬುಕಾನನ್ ಅದರ ಪೇಟೆಯ ಬಗ್ಗೆ ಬರೆದಿದ್ದಾನೆ.

ರೈಲು ಬಂತೆಂದು ಗಾಡಿ ಮೂಲೆಗೆ ಸೇರಲಿಲ್ಲ. ತುಮಕೂರಿನಿಂದ ಬೆಂಗಳೂರಿಗೆ 70 ಕಿಲೋಮೀಟರ್. ತುಂಬಿದ ಗಾಡಿಗೆ ಮೂರು ದಿನದ ಹಾದಿ. ನಿಲ್ದಾಣಕ್ಕಾದರೆ ನಮ್ಮೂರಿನಿಂದ ಬೆಳಗಿನ ಜಾವ ಗಾಡಿ ಕಟ್ಟಿದರೆ ಅಂದೇ ಸರಕು ಇಳಿಸಬಹುದು. ದೂರದ ಪಯಣ ಹಳಿಯ ಪಾಲಾಯಿತು, ಹತ್ತಿರದ್ದು ಎತ್ತಿನ ಪಾಲಿಗೆ ಉಳಿಯಿತು.

ಹಳಿ ನಮ್ಮೂರ ಮೇಲೆ ಏಕೆ ಹಾಯಲಿಲ್ಲ? ನಕ್ಷೆ ನೋಡಿದರೆ ತಿಳಿಯುತ್ತದೆ. ತುಮಕೂರಿನಿಂದ ತಿಪಟೂರು, ಅರಸೀಕೆರೆ ಪಶ್ಚಿಮಕ್ಕಿವೆ; ಬೆಳ್ಳಾವಿ ವಾಯವ್ಯಕ್ಕೆ. ಇಲ್ಲಿಗೆ ಬರುವುದೆಂದರೆ ಸುತ್ತು. ಇದನ್ನು ಅನ್ಯಾಯ ಎನ್ನಲಾರೆ. ಆದರೆ ಹಳಿ ದಕ್ಷಿಣಕ್ಕೆ, ಶಿರಾ ಕಡೆಯ ಹೆದ್ದಾರಿ ಪೂರ್ವಕ್ಕೆ ಉಳಿದದ್ದರಿಂದ, ಎಲ್ಲಿಗೆ ಹೊರಟರೂ ಮೊದಲು ಇವೆರಡರಲ್ಲಿ ಒಂದನ್ನು ಮುಟ್ಟಬೇಕು. ನಮ್ಮ ಶಾಲೆ ಮುಗಿಸಿ ಮುಂದಿನ ಓದಿಗೆ ತುಮಕೂರಿನ ಬಸ್ಸು ಹತ್ತಿದವರಿಗೆ, ಅಲ್ಲಿಂದ ಬೆಂಗಳೂರಿನ ಬೆಳಗಿನ ರೈಲು ಹಿಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಗುಬ್ಬಿ ನಿಲ್ದಾಣಕ್ಕೆ ಗಾಡಿ ಹೊಡೆದ ಹಿರೀಕರ ಕಥೆ ಯಾರ ಮನೆಯಲ್ಲಾದರೂ ಉಳಿದಿದ್ದರೆ ದಯವಿಟ್ಟು ನನಗೆ ಹೇಳಿ, ಬರೆದಿಡುತ್ತೇನೆ.